ಅಳಿಯನ ಬ್ಲೈಂಡ್

ಜುಲೈ 6, ಭಾನುವಾರ, ಸಂಜೆ

ಇವತ್ತೂ ಸೋತೆ. ಆಡಿ ಸೋತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೂತಲ್ಲೇ ಸೋತೆ.

ಭದ್ರಾವತಿ ಓಲ್ಡ್ ಟೌನ್, ಮಾವನ ಮನೆ. ಊಟ, ಒಂದು ಲೋಟ ಮಜ್ಜಿಗೆ, ಆಮೇಲೆ ಜಮಖಾನ ಹಾಸಿ ಪೋಕರ್. ಭಾನುವಾರದ ಕ್ರಮ. ಭಾವಮೈದ ಜ್ಞಾನೇಶ್ ಫೋನ್ ನೋಡಿ ಕಲಿತು ಮನೆಮಂದಿಗೆ ಅಂಟಿಸಿದ ಚಟ. ದುಡ್ಡಿಟ್ಟು ಆಡುವ ಮನೆಯಲ್ಲ, ಹುಣಸೆಬೀಜ. ತಲೆಗೊಂದು ಬಟ್ಟಲು.

ಆಟ ಸರಿಯಾಗಿಯೇ ಇದೆ. ಕೈಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಎಲೆ ನೋಡುವ ಮೊದಲೇ ಇಬ್ಬರು ಬೀಜ ಹಾಕಬೇಕು — ಚಿಕ್ಕ ಬ್ಲೈಂಡ್, ದೊಡ್ಡ ಬ್ಲೈಂಡ್. ಎಲೆ ಹಂಚುವವನ ಪಕ್ಕದ ಇಬ್ಬರು. ಲೋಕದಲ್ಲೆಲ್ಲ ಹಂಚುವ ಸರದಿ ತಿರುಗುತ್ತದೆ, ಅದರ ಜೊತೆ ಬ್ಲೈಂಡೂ ತಿರುಗುತ್ತದೆ. ಈ ಮನೆಯಲ್ಲಿ ತಿರುಗುವುದಿಲ್ಲ. ಹಂಚುವುದು ಯಾವಾಗಲೂ ಮನೆಯ ಯಜಮಾನರು, ಅಂದರೆ ಮಾವ ಷಡಕ್ಷರಪ್ಪನವರು. ಯಜಮಾನರ ಬಲಗಡೆ ಅಳಿಯ. ಗೌರವದ ಜಾಗ! ಹಂಚುವುದೂ ಬಲಗಡೆಯಿಂದ. ಹಾಗಾಗಿ ಚಿಕ್ಕ ಬ್ಲೈಂಡ್ ಖಾಯಂ ನನ್ನದು. ನನ್ನ ಆಚೆ ಕೂರುವವರು ಮಾವನ ಅಣ್ಣ ವೀರಪ್ಪನವರು. ಹಿರಿಯರ ಕೈಲಿ ಕಡ್ಡಾಯವಾಗಿ ಹಾಕಿಸುವುದು ಚೆನ್ನಾಗಿರುವುದಿಲ್ಲವಂತೆ. ಆದ್ದರಿಂದ ದೊಡ್ಡ ಬ್ಲೈಂಡೂ ನನ್ನದೇ.

ಹಾಕುತ್ತೇನೆ. ಕೂರುತ್ತೇನೆ. ವೀರಪ್ಪನವರು ಎಲೆಯ ತುದಿ ಎತ್ತಿ ನೋಡಿ ಕೆಳಗಿಡುತ್ತಾರೆ. ಜ್ಞಾನೇಶ್ ಆ ಕೈ ಆಡದೆ ಬಿಡುತ್ತಾನೆ. ಮಾವ ಬಿಡುತ್ತಾರೆ. ಎಲ್ಲರೂ ಬಿಟ್ಟರೆ ನನ್ನ ಬೀಜ ನನಗೇ ವಾಪಸ್. ಗೆದ್ದದ್ದು ಏನು? ಏನೂ ಇಲ್ಲ. ಅವರಲ್ಲಿ ಒಬ್ಬರು ನನಗಿಂತ ಹೆಚ್ಚು ಬೀಜ ಹಾಕಿ ಏರಿಸಿದರೆ — ಏರಿಸುವುದೇ ಅಪರೂಪ — ಕೈಯಲ್ಲಿ ಎಕ್ಕವೋ ಜೋಡಿ ರಾಜನೋ ಇದ್ದೇ ಇರುತ್ತದೆ. ಆಗ ನಾನು ಬಿಡಬೇಕು, ನನ್ನ ಬೀಜ ಅವರ ಬಟ್ಟಲಿಗೆ. ಮಧ್ಯಾಹ್ನವಿಡೀ ಇದೇ. ಮಾವ ಫ್ಯಾಕ್ಟರಿಯಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುತ್ತಿದ್ದವರು. ತೂಕ ಬರೆಯದೆ ಒಂದು ಲಾರಿಯನ್ನೂ ಗೇಟು ದಾಟಿಸಿದವರಲ್ಲ. ಈಗ ಇಸ್ಪೀಟ್ ಎಲೆ ತೂಗುತ್ತಿದ್ದಾರೆ.

ಆಟ ಮುಗಿದ ಮೇಲೆ ಕೇಳಿದೆ. ಉಮಾನನ್ನೂ ಮಗುವನ್ನೂ ಯಾವಾಗ ಕಳಿಸುತ್ತೀರಿ ಅಂತ. ಹೆಂಡತಿ ಹೆರಿಗೆಗೆ ತವರಿಗೆ ಹೋದವಳು. ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ಕಳಿಸುವುದು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು. ತುಂಬಿತಲ್ಲ?

ಮಾವ ಎಲೆಗಳನ್ನು ಡಬ್ಬಕ್ಕೆ ಹಾಕುತ್ತ ಹೇಳಿದರು. "ಆಷಾಢ ಅಲ್ವಾ ಅಳಿಯಂದ್ರೇ. ನೋಡೋಣ."

ನೋಡೋಣ. ಈ ಶಬ್ದ ಕೇಳಿದರೆ ಮೈ ಉರಿಯುತ್ತದೆ.

ಜುಲೈ 9, ಬುಧವಾರ

ಅಂಗಡಿ. ಮಳೆ ಬಿದ್ದ ಮೇಲೆ ಪಂಪ್‌ಸೆಟ್ ಕೇಳುವವರಿಲ್ಲ. ರಿಪೇರಿಗೆ ಬಂದ ಎರಡು ಮೋಟಾರ್, ಅಷ್ಟೇ. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೊಹ್ಸಿನ್ ಚಹಾ ತರಿಸಿದ. ಪೋಕರ್ ನನಗೆ ಮೊದಲು ಕಲಿಸಿದವನು ಇವನೇ, ಮಾವನ ಮನೆಯವರಿಗಿಂತ ಮುಂಚೆ. ಮಾವನ ಮನೆಯ ಬ್ಲೈಂಡ್ ಪದ್ಧತಿ ಹೇಳಿದೆ. ಚಹಾ ಮೂಗಿಗೆ ಹತ್ತುವಷ್ಟು ನಕ್ಕ.

ಅವನ ಲೆಕ್ಕ ಹೀಗೆ. ಬ್ಲೈಂಡಿನಲ್ಲಿ ಕೂತವನಿಗೆ, ಒಳ್ಳೆಯ ಎಲೆ ಬರದೆ ಬೀಜ ಹಾಕದ ಬಿಗಿ ಆಟದವರು ಎದುರಾದರೆ ಮಾಡಬೇಕಾದ್ದು ಎರಡೇ. ಅವರು ಏರಿಸಿದರೆ ಜಂಭ ಬಿಟ್ಟು ಎಲೆ ಕೆಳಗಿಡಬೇಕು, ಅವರ ಹತ್ತಿರ ಇದೆ ಅಂತಲೇ ಅರ್ಥ. ಅವರು ಸುಮ್ಮನಿದ್ದರೆ ನಾವು ದೊಡ್ಡದಾಗಿ ಹಾಕಿ ಹೊಡೆಯಬೇಕು. ನಮ್ಮ ಕೈಯಲ್ಲಿ ಏನೂ ಇಲ್ಲದಿದ್ದರೂ.

"ಬಿಗಿ ಆಡೋರು ಹೆದರೋ ಜನ ಕಣೋ ಮಾರಾಯ. ಕಳ್ಕೊಳ್ಳೋದಕ್ಕೆ ಹೆದರ್ತಾರೆ" ಅಂದ. ಲೋಟ ಕೆಳಗಿಟ್ಟು, "ನಿಂದು ಬೇರೆ. ನೀನು ಗುಸ್ಸೆಯಲ್ಲಿ ಕಾಲ್ ಮಾಡ್ತೀಯ, ಅವರು ಹಾಕಿದಷ್ಟು ನೀನೂ ಹಾಕ್ತೀಯ. ಎಲೆ ನೋಡಲ್ಲ, ಎದುರಿನವನ ಮುಖ ನೋಡಿ ಕಾಲ್ ಮಾಡ್ತೀಯ" ಅಂದ.

ಕೇಳಿದ್ದು ಆಟದ ಬಗ್ಗೆ. ನನ್ನ ಬಗ್ಗೆ ಯಾರು ಕೇಳಿದ್ದರು?

ಜುಲೈ 20, ಭಾನುವಾರ

ಶಿವಮೊಗ್ಗದಿಂದ ಹೋಗುವಾಗ ಮಲವಗೊಪ್ಪದ ಹತ್ತಿರ ಯಾವುದೋ ಲಾರಿ ಕೆಟ್ಟು ನಿಂತು ಅರ್ಧ ತಾಸು ಹಾಳು. ತಡವಾಗಿ ಹೋದರೆ ಊಟಕ್ಕೆ ನನಗಾಗಿ ಕಾದು ಕೂತಿದ್ದಾರೆ. ಅದೊಂದು ಹೊರೆ ಬೇರೆ. ಮಗು ಮಲಗಿತ್ತು. ಕಾಲು ಮಾತ್ರ ನೋಡಿದೆ, ಹೊದಿಕೆಯಿಂದ ಹೊರಗೆ ಬಂದಿತ್ತು. ಮುಟ್ಟಲು ಹೋದರೆ ಉಮಾ, ಎದ್ದುಬಿಡುತ್ತಾಳೆ ಬೇಡ, ಅಂದಳು. ನನ್ನ ಮಗುವಿನ ಕಾಲು!

ಆಟದಲ್ಲಿ ರಾಣಿ, ಗುಲಾಮ ಬಂತು. ವಾರಗಳ ಮೇಲೆ ಒಂದು ಒಳ್ಳೆಯ ಕೈ. ವೀರಪ್ಪನವರು ಏರಿಸಿದರು. ಮೊಹ್ಸಿನ್ ಹೇಳಿದ ಹಾಗೆ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ ಬಿಡಬೇಕು? ಎರಡೂ ಬ್ಲೈಂಡ್ ಹಾಕಿದವನು ನಾನು. ನಡುವೆ ರಾಣಿ ಬಿತ್ತು, ಜೊತೆಗೊಂದು ಎಂಟು. ಹಾಕಿದೆ. ಅವರೂ ಹಾಕಿದರು. ಮತ್ತೆ ಹಾಕಿದೆ. ಅವರು ಕೆಮ್ಮಿ, ಬೀಜಗಳನ್ನು ಒಂದೊಂದಾಗಿ ಎಣಿಸಿ ಇನ್ನಷ್ಟು ಮುಂದೆ ತಳ್ಳಿದರು. ಬಿಚ್ಚಿದರೆ ಮೂರು ಎಂಟು! ಜೋಡಿ ಎಂಟು ಹಿಡಿದುಕೊಂಡು ತಪಸ್ಸಿಗೆ ಕೂತಿದ್ದರು ಮುದುಕರು.

ಜಮಖಾನದ ಮೇಲೆ ಕೈ ಬಡಿದೆ. ಬೀಜ ಹಾರಿ ಮೂಲೆಗೆ ಹೋದವು. ಏನೋ ಅಂದೆ, ನೆನಪಿಲ್ಲ. ಜೋರಾಗಿಯೇ ಅಂದಿರಬೇಕು. ಒಳಗೆ ಮಗು ಎದ್ದು ಅತ್ತಿತು. ಹಸಿವಿರಬೇಕು. ಅತ್ತೆ ದಾಕ್ಷಾಯಣಮ್ಮ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದರು. ಮಾವ ಏನೂ ನಡೆಯಲೇ ಇಲ್ಲವೆಂಬಂತೆ ಎಲೆ ಕಲಸಿದರು.

ಒಂದು ಮಾತು ಬೈದಿದ್ದರೂ ಸಮಾಧಾನವಾಗುತ್ತಿತ್ತು. ಬೈಯುವುದಕ್ಕೂ ಜಿಪುಣತನ ಈ ಜನಕ್ಕೆ.

ಜುಲೈ 27, ಭಾನುವಾರ

ಆಷಾಢ ಮುಗಿಯಿತು. ಕೇಳಿದೆ. ಶ್ರಾವಣ ಸೋಮವಾರಗಳ ಪೂಜೆ ಇಲ್ಲೇ ಮುಗಿಸಿಬಿಡಲಿ ಅಂದರು. ಸರಿ.

ಸರದಿ ತಿರುಗಿಸೋಣ ಅಂತಲೂ ಹೇಳಿದೆ. ಮರ್ಯಾದೆಯಿಂದಲೇ ಹೇಳಿದೆ. ಒಮ್ಮೆ ಜ್ಞಾನೇಶ್ ಹಂಚಲಿ, ಒಮ್ಮೆ ದೊಡ್ಡ ಮಾವ ಹಂಚಲಿ, ಬ್ಲೈಂಡೂ ಎಲ್ಲರಿಗೂ ಬರಲಿ. ವೀರಪ್ಪನವರು ತಮ್ಮನ ಕಡೆ ತಿರುಗಿ, "ಅಳಿಯಂದ್ರಿಗೆ ಆ ಜಾಗ ಬೇಡ್ವಂತೆ ನೋಡಪ್ಪ" ಅಂದರು. ಅತ್ತೆ ಅಡುಗೆಮನೆಯಿಂದ ಗಾಬರಿಯಾಗಿ ಬಂದರು. ಯಾರು ಏನಂದ್ರು, ಅಳಿಯಂದ್ರಿಗೆ ಏನು ಕಮ್ಮಿ ಆಯ್ತು, ಅಂತ. ದಿಂಬು ತಂದು ಬೆನ್ನಿಗೆ ಕೊಟ್ಟರು! ದಿಂಬಿಗೊರಗಿ ಕೂತು ಎರಡೂ ಬ್ಲೈಂಡ್ ಹಾಕಿದೆ.

ಉಮಾ ಕಾಫಿ ತಂದಳು. ಲೋಟ ನನ್ನ ಕೈಗೆ ಕೊಡಲಿಲ್ಲ, ಪಕ್ಕದಲ್ಲಿಟ್ಟು ಹೋದಳು.

ಆಗಸ್ಟ್ 3, ಭಾನುವಾರ

ಹೋಗಲಿಲ್ಲ. ಕಾಯಲಿ. ಯಾರೂ ಫೋನ್ ಮಾಡಲಿಲ್ಲ.

ಆಗಸ್ಟ್ 17, ಭಾನುವಾರ

ಮೊಹ್ಸಿನ್ ಹೇಳಿದ್ದು ನಿಜ. ಇವತ್ತು ಎಲೆ ನೋಡಿ ಹೆದರುವುದನ್ನೇ ಬಿಟ್ಟೆ. ಮೂವರೂ ಸುಮ್ಮನಿದ್ದರೆ ತಕ್ಷಣ ದೊಡ್ಡದಾಗಿ ಹಾಕುವುದು. ಬಿಟ್ಟು ಓಡುತ್ತಾರೆ! ಏಳೂ ನಾಲ್ಕೂ ಹಿಡಿದು ಜ್ಞಾನೇಶನ ಜೋಡಿ ಹತ್ತನ್ನು ಓಡಿಸಿದೆ. ಆಮೇಲೆ ಅವನೇ ತೋರಿಸಿದ, ಬಿಟ್ಟೆನಲ್ಲ ಭಾವ ಅಂತ. ಬಟ್ಟಲು ಮೊದಲ ಸಲ ಭಾರವಾಯಿತು.

ಆದರೂ ಮೋಜು ಅನ್ನಿಸಲಿಲ್ಲ. ಗೆದ್ದಾಗಲೂ ಸಿಟ್ಟೇ ಬಂತು. ಇಷ್ಟು ಹೆದರುವ ಜನ ಇಷ್ಟು ತಿಂಗಳಿಂದ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಾರಲ್ಲ.

ಮಗು ಕೂರಲು ಕಲಿಯುತ್ತಿದೆಯಂತೆ. ಎಲ್ಲರೂ ನೋಡಿದ್ದಾರೆ. ನಾನು ನೋಡಿದ್ದು ಜ್ಞಾನೇಶನ ಫೋನಿನಲ್ಲಿ. ಎತ್ತಿಕೊಂಡೆ, ನನ್ನ ಮೀಸೆ ನೋಡಿ ಮುಖ ಸೊಟ್ಟ ಮಾಡಿದಳು. ಅತ್ತೆ ನಕ್ಕರು, ಹೊಸಬರನ್ನ ಕಂಡ್ರೆ ಹಾಗೇ ಅಂತ. ಹೊಸಬ ನಾನು.

ಆಗಸ್ಟ್ 31, ಭಾನುವಾರ

ಗೌರಿ ಹಬ್ಬ ತವರಲ್ಲಿ ಆಗಬೇಕು ಅಂದಿದ್ದರು. ಆಯಿತು. ಗಣಪತಿಯೂ ಆಯಿತು. ಇವತ್ತು ಕೇಳಿದ್ದಕ್ಕೆ, ವಿಸರ್ಜನೆಗಳೆಲ್ಲ ಮುಗಿದು ರೋಡು ಖಾಲಿಯಾಗಲಿ ಅಂದರು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸಮುದ್ರ ಇದೆಯಲ್ಲ!

ಮನೆಗೆ ಬಂದು ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಅವರ ಮೇಲಿನ ಸಿಟ್ಟು ಇಲ್ಲಿ ಯಾಕೆ, ಗೋಪಾಳದ ಅರ್ಧ ಬಡಾವಣೆಗೆ ಕೇಳಿಸುತ್ತಿದೆ, ಅಂದಳು. ಆಮೇಲೆ, ಯಾವ ಗಳಿಗೆಯಲ್ಲಿ ನಿನಗೆ ಪ್ರಸನ್ನ ಅಂತ ಹೆಸರಿಟ್ಟೆನೋ, ಅಂದಳು. ನನ್ನ ಸ್ವಂತ ಅಮ್ಮ.

ಸೆಪ್ಟೆಂಬರ್ 7, ಭಾನುವಾರ, ರಾತ್ರಿ ಊಟಕ್ಕೆ ಮುಂಚೆ

ಪಕ್ಷಮಾಸ! ನಾಳೆಯಿಂದ ಪಕ್ಷಮಾಸವಂತೆ. ಬಾಣಂತಿ, ಎಳೆಕೂಸನ್ನು ಕಳಿಸಬಾರದಂತೆ. ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆ. ಮಾವ ಯಾವತ್ತು ಪಕ್ಷಮಾಸ ನೋಡಿದರು? ನಮ್ಮ ಮದುವೆಯ ಮಾತುಕತೆಯೇ ಪಕ್ಷಮಾಸದಲ್ಲಿ ನಡೆದದ್ದು. ಆಗ ಇದೇ ಮಾವ, ಶಿವನಿಗೆ ಎಲ್ಲ ದಿನವೂ ಒಂದೇ, ಅಂದಿದ್ದರು. ನೆನಪಿಸಿದೆ. ಮಾವ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. "ನೋಡೋಣ" ಅಂದರು.

ಸುಳ್ಳು. ಹಸಿ ಸುಳ್ಳು. ಅವರ ಕೈಯಲ್ಲಿ ಏನೂ ಇಲ್ಲ. ಒಂದು ಗಟ್ಟಿ ಕಾರಣ ಇದ್ದಿದ್ದರೆ ಆ ಮನುಷ್ಯ ಎಂದೋ ಮುಂದಿಡುತ್ತಿದ್ದರು. ಖಾಲಿ ಕೈ ಹಿಡಿದು ಕೂತಿದ್ದಾರೆ. ಖಾಲಿ ಕೈಯವರಿಗೆ ಏನು ಮಾಡಬೇಕು ಅಂತ ಈಗ ನನಗೆ ಗೊತ್ತು.

ಸೆಪ್ಟೆಂಬರ್ 14, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡೂ ಬ್ಲೈಂಡ್ ಹಾಕಿದೆ. ನನಗೆ ಬಂದದ್ದು ಏಳು, ಎರಡು. ಬೇರೆ ಬೇರೆ ಬಣ್ಣ. ಈ ಆಟದಲ್ಲಿ ಇದಕ್ಕಿಂತ ದರಿದ್ರ ಕೈ ಇಲ್ಲ. ವೀರಪ್ಪನವರು ಬಿಟ್ಟರು. ಜ್ಞಾನೇಶ್ ಬಿಟ್ಟ. ಮಾವ ಏರಿಸಿದರು. ಬಿಗಿ ಮನುಷ್ಯ ಏರಿಸಿದ್ದಾನೆ ಅಂದರೆ ಬಿಡಬೇಕು. ಗೊತ್ತಿತ್ತು. ನನಗೆ ಎಲೆ ಕಾಣುತ್ತಿರಲಿಲ್ಲ. ಆಷಾಢ ಕಾಣುತ್ತಿತ್ತು, ಶ್ರಾವಣ ಕಾಣುತ್ತಿತ್ತು, ಪಕ್ಷಮಾಸ ಕಾಣುತ್ತಿತ್ತು.

ಇಡೀ ಬಟ್ಟಲು ನಡುವೆ ಸುರಿದೆ.

"ಮಾವ, ಪೂರ್ತಿ. ಇದು ನನ್ನ ಪಾಲಿಗೆ ಬಂದ್ರೆ ಶುಕ್ರವಾರ ಉಮಾನ್ನೂ ಮಗೂನೂ ಕರ್ಕೊಂಡು ಹೋಗ್ತೀನಿ. ಪಕ್ಷಮಾಸನೂ ಇಲ್ಲ, ಗಿಕ್ಷಮಾಸನೂ ಇಲ್ಲ. ನೀವು ಗೆದ್ರೆ ಇನ್ನು ಈ ಮನೆ ಬಾಗಿಲಿಗೆ ಬಂದು ಕೇಳಲ್ಲ."

ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. ಎದುರು ಮನೆಯವರು ಕಿಟಕಿಗೆ ಬಂದಿದ್ದರು.

ಜ್ಞಾನೇಶ್ "ಭಾವ, ಭಾವ" ಅಂತ ನನ್ನ ತೋಳು ಹಿಡಿದ, ಕೊಡವಿದೆ. ಮಾವ ತಮ್ಮ ಎರಡು ಎಲೆ ನೋಡಿದರು. ನನ್ನನ್ನು ನೋಡಿದರು. ಕೋಣೆಯ ಬಾಗಿಲ ಕಡೆ ನೋಡಿದರು. ಬಹಳ ಹೊತ್ತು. ಆಮೇಲೆ ಎಲೆಗಳನ್ನು ಮಗುಚಿಟ್ಟು, "ಬಿಟ್ಟೆ" ಅಂದರು.

ಗೆದ್ದೆ! ಏಳು ಎರಡು ಜಮಖಾನದ ಮೇಲೆ ಪಟ್ಟನೆ ಬಡಿದು ತೋರಿಸಿದೆ. ನೋಡಿ, ಇದಕ್ಕೆ ಹೆದರಿದ್ರಿ, ಅಂದೆ. ನಕ್ಕೆ. ಒಬ್ಬನೇ ನಗುತ್ತಿದ್ದೆ.

ಅಷ್ಟರಲ್ಲಿ ಜ್ಞಾನೇಶ್ ಮಾವ ಮಗುಚಿಟ್ಟ ಎಲೆಗಳನ್ನು ತಿರುಗಿಸಿಬಿಟ್ಟ. ಆಟೀನ್ ಎಕ್ಕ. ಕಳಾವರ್ ಎಕ್ಕ.

ಜೋಡಿ ಎಕ್ಕ. ಜೀವಮಾನದಲ್ಲಿ ಎಷ್ಟು ಸಲ ಬರುತ್ತದೆ? ಅದಕ್ಕಾಗಿ ಆ ಮನುಷ್ಯ ವರ್ಷಗಟ್ಟಲೆ ಕಾಯುತ್ತಾರೆ. ಬಿಟ್ಟರು. ಮಾವ ಮಗನನ್ನು ಗದರಿದರು, ಬಿಟ್ಟ ಎಲೆ ಮುಟ್ಟಬಾರದು ಅಂತ ಗೊತ್ತಿಲ್ವಾ ಅಂತ. ಅವರು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೋಣೆಯ ಬಾಗಿಲಲ್ಲಿ ಉಮಾ. ಹೆಗಲ ಮೇಲೆ ಮಗು, ಕಿರುಚಿ ಕಿರುಚಿ ಅಳುತ್ತಿತ್ತು. ಉಮಾ ಕಿರುಚಲಿಲ್ಲ.

"ನಾನೇನು ಹುಣಸೆಬೀಜಾನಾ? ಶುಕ್ರವಾರ ಯಾರೂ ಎಲ್ಲಿಗೂ ಬರ್ತಿಲ್ಲ" ಅಂದಳು. ಒಳಗೆ ಹೋದಳು.

ಚಪ್ಪಲಿ ಹಾಕಿಕೊಂಡದ್ದೂ ನೆನಪಿಲ್ಲ. ಗೋಪಾಳಕ್ಕೆ ಬಂದು ಮುಟ್ಟಿದೆ.

ಸೆಪ್ಟೆಂಬರ್ 15, ಸೋಮವಾರ

ಯಾಕೆ ಬಿಟ್ಟರು? ಭಿಕ್ಷೆ ಹಾಕಿದರಾ? ಗೆಲ್ಲುವ ಕೈ ಹಿಡಿದು ನನ್ನನ್ನು ಗೆಲ್ಲಿಸುವುದು, ಮಗಳ ಕೈಲಿ ಬರುವುದಿಲ್ಲ ಅನ್ನಿಸುವುದು. ಎರಡೂ ಕಡೆಯಿಂದ ಹೊಡೆತ. ಸೋಲಿಸಿದ್ದರೆ ಚೆನ್ನಾಗಿತ್ತು. ಸೋತಿದ್ದರೆ ಎದ್ದು ಬರುತ್ತಿದ್ದೆ, ಮುಗಿಯುತ್ತಿತ್ತು. ಗೆದ್ದು ಏನು ಮಾಡಲಿ? ಮುಷ್ಟಿ ತುಂಬ ಹುಣಸೆಬೀಜ.

ಮೊಹ್ಸಿನ್‌ಗೆ ಹೇಳಿದೆ. ಈ ಸಲ ನಗಲಿಲ್ಲ. ಎಕ್ಕ ಬಿಟ್ಟವರು ಬೀಜ ಉಳಿಸಲು ಬಿಡುವುದಿಲ್ಲ, ಬೇರೆ ಏನೋ ಉಳಿಸಲು ಬಿಟ್ಟಿದ್ದಾರೆ, ಅಂದ. ಏನು ಅಂದರೆ ಅವನಿಗೂ ಗೊತ್ತಿಲ್ಲ. ಗೊತ್ತಿಲ್ಲದವನು ಬಾಯಿ ಯಾಕೆ ಹಾಕಬೇಕು. ಅವನ ಮೇಲೂ ರೇಗಿ ಬಂದೆ.

ಸೆಪ್ಟೆಂಬರ್ 21, ಭಾನುವಾರ

ಹೋಗಲಿಲ್ಲ. ಹೋಗಲು ಮುಖವೂ ಇಲ್ಲ, ಮನಸ್ಸೂ ಇಲ್ಲ. ಮಧ್ಯಾಹ್ನ ಎರಡು ಸಲ ಸ್ಕೂಟರ್ ಕೀ ಹಿಡಿದೆ. ಅಮ್ಮ ನೋಡಿದಳು.

ಸೆಪ್ಟೆಂಬರ್ 24, ಬುಧವಾರ

ಅಂಗಡಿ ಮುಚ್ಚಿ ಹೋದೆ. ಬುಧವಾರ. ಭಾನುವಾರವಲ್ಲದ ದಿನ ಆ ಮನೆಗೆ ಹೋಗಿ ಎಷ್ಟು ದಿನವಾಗಿತ್ತೋ. ಮಾವ ಇರಲಿಲ್ಲ. ಅತ್ತೆ ನನ್ನನ್ನು ಕಂಡವರೇ ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋದರು. ನನ್ನಿಂದ ದೂರ ಒಯ್ದ ಹಾಗೆ.

ಉಮಾ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನೂ ಕೂತೆ. ಯಾವಾಗ ಬರುತ್ತೀಯ ಅಂತ ಕೇಳಿದೆ. ಅವಳು, ಇಷ್ಟು ದಿನದಲ್ಲಿ ಇವತ್ತು ಮೊದಲ ಸಲ ನನ್ನನ್ನ ಕೇಳಿದ್ರಿ, ಅಂದಳು.

ಆಮೇಲೆ ಹೇಳಿದ್ದನ್ನು ಮರೆಯದ ಹಾಗೆ ಬರೆದಿಡುತ್ತೇನೆ.

"ಆಷಾಢ ಅಂದಿದ್ದು, ಶ್ರಾವಣ ಅಂದಿದ್ದು ಅಪ್ಪ ಅಲ್ಲ ರೀ. ನಾನು. ನಾನು ಹೋಗಲ್ಲ ಅಂದೆ. ಮಗಳು ಬರಲ್ಲ ಅಂತಾಳೆ ಅಂತ ಹೇಳಿದ್ರೆ ನಿಮ್ಮ ಮುಖ ಏನಾಗುತ್ತೆ ಅಂತ ಅಪ್ಪ ತಮ್ಮ ಮೇಲೆ ಹಾಕ್ಕೊಂಡ್ರು. ಪಕ್ಷಮಾಸ ಅಂತ ಸುಳ್ಳು ಹೇಳಿದ ದಿನ ಅವ್ರು ಊಟ ಮಾಡ್ಲಿಲ್ಲ."

ಯಾಕೆ ಅಂದೆ. ನಾನು ಕುಡಿಯುತ್ತೇನಾ? ಹೊಡೆಯುತ್ತೇನಾ? ಒಂದು ದಿನವಾದರೂ ಕೈ ಎತ್ತಿದ್ದೇನಾ? ನನ್ನ ದನಿ ಏರಿತು. ನನಗೇ ಕೇಳಿಸಿತು.

ಅವಳು ಕಾದಳು. ನನ್ನ ದನಿ ಇಳಿಯುವ ತನಕ ಕಾದಳು.

"ಪ್ರತಿ ಭಾನುವಾರ ನಾನು ಆ ಕೋಣೇಲಿ ಮಗೂನ ಮಡಿಲಲ್ಲಿ ಮಲಗಿಸ್ಕೊಂಡು ಕೂತಿರ್ತೀನಿ. ನಿಮ್ಮ ಎಲೆ ನಂಗೆ ಕಾಣಲ್ಲ. ನಿಮ್ಮ ದನಿ ಕೇಳುತ್ತೆ. ಎಲೆ ಚೆನ್ನಾಗಿ ಬಂದಾಗ ಎಲ್ಲರೂ ಚೆನ್ನಾಗೇ ಇರ್ತಾರೆ. ಬರದೇ ಇದ್ದಾಗ ನೀವು ಹೇಗಿರ್ತೀರಿ ಅಂತ ಕೇಳಿಸ್ಕೋತಿದ್ದೆ. ಈ ವಾರ ಸುಮ್ನಿರ್ತಾರೆ, ಈ ವಾರ ಸುಮ್ನಿರ್ತಾರೆ ಅಂತ. ನೀವು ಕೈ ಬಡಿದಾಗಲೆಲ್ಲ ಇವಳು ಬೆಚ್ಚಿ ಬೀಳ್ತಾಳೆ. ಹಸಿವಿಗೆ ಅಳೋದಲ್ಲ ಅದು. ನಂಗೂ ಎದೆ ಧಸಕ್ಕನ್ನುತ್ತೆ. ನಿಮ್ಮ ಮನೇಲಾದ್ರೆ ಅದು ದಿನಾ."

ಎಲ್ಲ ಭಾನುವಾರಗಳೂ ತಲೆಯಲ್ಲಿ ಒಂದೇ ಸಲ ಓಡಿದವು. ಎಂಟರ ಕೈ. ಸರದಿಯ ಜಗಳ. ನಾನು ಮೂರು ಜನರ ಎದುರು ಆಡುತ್ತಿದ್ದೇನೆ ಅಂದುಕೊಂಡಿದ್ದೆ.

ಎಕ್ಕ ಯಾಕೆ ಬಿಟ್ಟರು ಅಂತ ಕೇಳಿದೆ. ಅಪ್ಪ ಗೆದ್ದಿದ್ದರೆ ನೀವು ಹಟಕ್ಕೆ ಬಿದ್ದು ಈ ಬಾಗಿಲಿಗೆ ಮತ್ತೆ ಬರುತ್ತಿರಲಿಲ್ಲ, ಅದು ಅವರಿಗೆ ಗೊತ್ತು, ಅಂದಳು. ನಿಮ್ಮನ್ನು ಕಳೆದುಕೊಳ್ಳಲು ಅವರಿಗೆ ಇಷ್ಟವಿಲ್ಲ ಅಂದಳು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ಜನ ಸೇರಿ ನನ್ನ ಮರ್ಯಾದೆ ಕಾಯುತ್ತಿದ್ದರು, ನನಗೆ ಮಾತ್ರ ಹೇಳಲಿಲ್ಲ. ಯಾರು ಕೇಳಿದ್ದರು ಇವರ ದಯೆ? ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಉಮಾ ನನ್ನ ಮಡಿಲ ಕಡೆ ನೋಡುತ್ತಿದ್ದಳು. ನಾನೂ ನೋಡಿದೆ. ಎರಡೂ ಕೈ ಮುಷ್ಟಿ ಕಟ್ಟಿತ್ತು. ಬಿಚ್ಚಿದೆ. ಬಿಚ್ಚಲು ಕಷ್ಟವಾಯಿತು.

"ಶನಿವಾರ ಬರ್ತೀನಿ. ಎರಡು ದಿನ. ಆಮೇಲೆ ನೋಡೋಣ" ಅಂದಳು.

ಅಪ್ಪನ ಮಗಳೇ.

ಸೆಪ್ಟೆಂಬರ್ 26, ಶುಕ್ರವಾರ

ಮನೆ ತೊಳೆಸಿದೆ. ಸೊಳ್ಳೆಪರದೆ ತಂದೆ. ತೊಟ್ಟಿಲು ಅಟ್ಟದಿಂದ ಇಳಿಸಿದೆ, ನಾನು ಮಲಗಿದ್ದ ತೊಟ್ಟಿಲು. ತೂಗುಹಾಕಲು ಹಳೆಯ ಕೊಂಡಿ ತುಕ್ಕು ಹಿಡಿದಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಮಿಸ್ತ್ರಿ ಬರುತ್ತೇನೆ ಅಂದಿದ್ದಾನೆ.

ಎರಡು ದಿನ. ಪರೀಕ್ಷೆಗೆ ಕೂರಿಸಿದ ಹಾಗೆ. ನನ್ನ ಮನೆಯಲ್ಲಿ, ನನ್ನ ಹೆಂಡತಿ, ನನಗೆ. ಯೋಚಿಸಿದರೆ ತಲೆ ಬಿಸಿಯಾಗುತ್ತದೆ. ಯೋಚಿಸುವುದು ಬೇಡ. ಅಮ್ಮ ಹೇಳಿದಳು, ಹೋಗಿ ಮುಖ ತೊಳ್ಕೊ ಅಂತ. ತೊಳೆದು ಬಂದೆ. ಅಮ್ಮನಿಗೂ ಎಲ್ಲ ಗೊತ್ತಿತ್ತು ಅಂತ ಆಮೇಲೆ ಹೊಳೆಯಿತು. ಕೇಳಿದೆ. ಉಮಾ ಅವಳಿಗೆ ಜೂನ್‌ನಲ್ಲೇ ಫೋನ್ ಮಾಡಿ ಹೇಳಿದ್ದಳಂತೆ. 'ನೀನೇ ತಿಳ್ಕೊಳ್ಳಲಿ ಅಂತ ಸುಮ್ನಿದ್ದೆ' ಅನ್ನುತ್ತಾಳೆ.

ಎಲ್ಲರೂ ಎಲೆ ಮುಚ್ಚಿಟ್ಟುಕೊಂಡೇ ಕೂತಿದ್ದರು. ಕಣ್ಣು ಮುಚ್ಚಿ ಹಾಕುತ್ತಿದ್ದವನು ನಾನೊಬ್ಬ.

ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ ಮೂರು

ಬಂದರು. ಹನ್ನೊಂದಕ್ಕೆ. ಮಾವನೇ ಆಟೋದಲ್ಲಿ ಕರೆತಂದರು. ಮಾವ ಕಾಫಿ ಕುಡಿದರು, ಮಗುವಿನ ತಲೆ ಸವರಿದರು. ನನ್ನ ಹೆಗಲ ಮೇಲೆ ಕೈ ಇಟ್ಟು ತೆಗೆದರು. ಹೊರಟರು.

ಎಂಟಕ್ಕೆ ಬರುತ್ತೇನೆ ಅಂದ ಮಿಸ್ತ್ರಿ ಒಂದೂವರೆಗೆ ಬಂದ. ಕೊಂಡಿಗೆ ಹೊಸ ತೂತು ಹೊಡೆಯಬೇಕು. ವೈರು ಎಲ್ಲಿ ಹೋಗಿದೆ ನೋಡಪ್ಪ ಅಂದೆ. ಮೂರು ಸಲ ಅಂದೆ. ಮೆತ್ತಗೇ ಅಂದೆ. ಗೊತ್ತು ಸಾರ್, ಗೊತ್ತು ಸಾರ್, ಅಂದ. ಬ್ಯಾಟರಿ ಡ್ರಿಲ್ ಇಟ್ಟ. ಫಟ್! ಇಡೀ ಮನೆಯ ಕರೆಂಟ್ ಹೋಯಿತು. ಸೀಲಿಂಗ್ ಒಳಗಿನ ವೈರು ಕಡಿದಿದ್ದಾನೆ. ಫ್ಯಾನ್ ಇಲ್ಲ, ಫ್ರಿಜ್ ಇಲ್ಲ, ನೀರಿನ ಮೋಟಾರ್ ಇಲ್ಲ. ಟ್ಯಾಂಕ್ ಖಾಲಿ. ಮಗುವಿಗೆ ಬೆವರುಸಾಲೆ ಎದ್ದು ಕಿರಿಕಿರಿ, ಅರ್ಧ ತಾಸಿನಿಂದ ಒಂದೇ ಸಮ ಅಳು. ಅಮ್ಮ ಬೀಸಣಿಗೆ ಹುಡುಕುತ್ತಿದ್ದಾಳೆ. ಹಾಸಿಗೆಯ ಮೇಲೆಲ್ಲ ಸಿಮೆಂಟ್ ಪುಡಿ.

ಮಿಸ್ತ್ರಿ ಏಣಿಯ ಮೇಲೆ ಕೂತು ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಾನೆ. ಎಲೆಕ್ಟ್ರಿಷಿಯನ್ ಊರಲ್ಲಿಲ್ಲವಂತೆ. ಸೋಮವಾರ ಕರ್ಕೊಂಡು ಬರ್ತೀನಿ ಸಾರ್, ಅಂತಾನೆ. ಸೋಮವಾರ! ಎರಡು ದಿನ ಇರಲು ಬಂದವಳಿಗೆ ಸೋಮವಾರ ಕರೆಂಟ್!

ಅಲ್ಲೇ ನಿಂತಿದ್ದರೆ ಕೂಗಿಬಿಡುತ್ತಿದ್ದೆ. ಅದಕ್ಕೇ ಈ ಚಿಕ್ಕ ಕೋಣೆಗೆ ಬಂದು ಪೆನ್ನು ಹಿಡಿದಿದ್ದೇನೆ. ಅಕ್ಷರ ನೋಡಿದರೆ ಕಾಗದ ಹರಿಯುವ ಹಾಗಿದೆ. ಬಾಗಿಲು ತೆಗೆದು ಹಾಲ್‌ಗೆ ಹೋಗಬೇಕು. ಹೋದರೆ ಆ ಬೇವಾರ್ಸಿಯನ್ನು ಏಣಿಯಿಂದ ಎಳೆದು...

ಈಗ ಅವನೇ ಬಾಗಿಲು ಬಡಿಯುತ್ತಿದ್ದಾನೆ. ಸಾರ್, ಇನ್ನೊಂದು ಕಡೆ ತೂತು ಹಾಕ್ಲಾ, ಅಂತ.

ಪಕ್ಕದ ಕೋಣೆಯಲ್ಲಿ ಮಗುವಿನ ಅಳು ನಿಂತಿದೆ. ಉಮಾಳ ಬಳೆ ಸದ್ದೂ ಇಲ್ಲ. ಅಮ್ಮನ ಬೀಸಣಿಗೆಯ ಸದ್ದೂ ನಿಂತಿತು. ಉಮಾ ಕೇಳಿಸಿಕೊಳ್ಳುತ್ತಿದ್ದಾಳೆ. ಎದ್ದೆ. ಚಿಲಕದ ಮೇಲೆ ಕೈ ಇಟ್ಟು, ಮತ್ತೆ ಬಂದು ಇದೊಂದು ಸಾಲು ಬರೆಯುತ್ತಿದ್ದೇನೆ. ನಾನು ಈಗ ಬಾಗಿಲು ತೆಗೆಯುತ್ತೇನೆ, ಯಾವ ದನಿ ಹೊರಡುತ್ತದೋ ನನಗೇ ಗೊತ್ತಿಲ್ಲ.